ಶನಿವಾರನ ಸ್ಕ್ರೀನ್‌ಶಾಟ್

ಗುರುವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ನೀರು ಸರಬರಾಜು ಕಚೇರಿಯ ಎರಡನೇ ಗುಮಾಸ್ತನ ಕಂಪ್ಯೂಟರಿನಲ್ಲಿ ಅಂಗೈಯಗಲದ ಒಂದು ಬಾಕ್ಸ್ ಎದ್ದು ನಿಂತಿತು. ಮೂಲೆಯಲ್ಲಿ ಕೆಂಪು ವೃತ್ತ, ವೃತ್ತದೊಳಗೆ ಬಿಳಿ ಕತ್ತರಿ ಗುರುತು, ಪಕ್ಕದಲ್ಲಿ ಎರಡು ಸಾಲು ಸಣ್ಣಕ್ಷರ, ಕೆಳಗೆ 'ಸರಿ' ಎಂಬ ಗುಂಡಿ. ಕೆಂಪು ಕಂಡೊಡನೆ ಗುಮಾಸ್ತ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

ಕಚೇರಿಯಲ್ಲಿ ಅವನನ್ನು ಎಲ್ಲರೂ 'ಶನಿವಾರ' ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಐದು ವರ್ಷದ ಮಗಳೂ ಬಸ್ಸಿನಲ್ಲಿ ಐದು ಗಂಟೆ ದೂರದ ಇನ್ನೊಂದು ಊರಿನಲ್ಲಿದ್ದರು. ಹೆಂಡತಿಯೂ ಇದೇ ಇಲಾಖೆಯವಳು, ಆ ಊರಿನ ಕಚೇರಿಯಲ್ಲಿ ಬಿಲ್ ವಿಭಾಗ. ಶನಿವಾರ ಮಧ್ಯಾಹ್ನ ಒಂದೂವರೆಗೆ ಇವನು ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಓಡುತ್ತಿದ್ದ. ಸೋಮವಾರ ಬೆಳಗ್ಗೆ ಕಣ್ಣುಜ್ಜಿಕೊಳ್ಳುತ್ತಾ ಬಂದು ಮೀಟರ್ ದೂರುಗಳ ಮುಂದೆ ಕೂರುತ್ತಿದ್ದ. ನಾಲ್ಕು ವರ್ಷದಿಂದ ಇದೇ ಪಾಡು. ಮಗಳಂತೂ ಅಪ್ಪ ಎಂದರೆ ಫೋನಿನೊಳಗೆ ಇರುವ ಮನುಷ್ಯ, ವಾರಕ್ಕೊಮ್ಮೆ ಹೊರಗೆ ಬರುತ್ತಾನೆ ಎಂದು ನಂಬಿದ್ದಳು. ಇದನ್ನು ತಮಾಷೆಯಾಗಿ ಹೇಳಲು ಹೋಗಿ ಅವನು ಎಷ್ಟೋ ಸಲ ಅರ್ಧಕ್ಕೇ ನಿಲ್ಲಿಸಿದ್ದ.

ಈಗ ಆ ಊರಿನ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ವರ್ಗಾವಣೆಯ ಅರ್ಜಿಯನ್ನು ಇಲಾಖೆಯ ವೆಬ್‌ಸೈಟಿನಲ್ಲೇ ಹಾಕಬೇಕು, ಗುರುವಾರ ಸಂಜೆ ಐದಕ್ಕೆ ಅದು ಬಂದ್. ಕೇಂದ್ರ ಕಚೇರಿಯವರು ಇದಕ್ಕೆ 'ಮನುಷ್ಯರ ಕೈ ಸೋಕದ ವ್ಯವಸ್ಥೆ' ಎಂದು ಹೆಸರಿಟ್ಟು ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು. ಗಂಡ ಒಂದೂರು ಹೆಂಡತಿ ಒಂದೂರು ಆಗಿರುವವರಿಗೆ ಮೊದಲ ಆದ್ಯತೆ. ಅಂಥವರ ಅರ್ಜಿ ತಲುಪಿದರೆ ಯಂತ್ರವೇ ನಿಂತ ನಿಲುವಿನಲ್ಲಿ ಆದೇಶ ಕೊಡುತ್ತದೆ. ಕೊಟ್ಟ ಆದೇಶವನ್ನು ಮೂರು ವರ್ಷ ಯಾರಪ್ಪ ಬಂದರೂ ಬದಲಿಸುವಂತಿಲ್ಲ. ಗುಮಾಸ್ತ ಅವತ್ತು ಬೆಳಗ್ಗೆ ಒಂಬತ್ತು ಪುಟದ ಅರ್ಜಿ ತುಂಬಿ, ಮೂರು ಸಲ ತಿದ್ದಿ, ಉಸಿರು ಬಿಗಿಹಿಡಿದು 'ಸಲ್ಲಿಸು' ಒತ್ತಿದ್ದ. ಅದಕ್ಕೆ ಸಿಕ್ಕ ಉತ್ತರ ಈ ಕೆಂಪು ಗುರುತು.

ಇಲಾಖೆಗೆ ಒಂದು ಸಹಾಯವಾಣಿ ಇತ್ತು. ವಾಣಿ ಇತ್ತು, ಸಹಾಯದ ಮಾತು ಬೇರೆ. ಹನ್ನೊಂದು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣುದನಿ ಬಂತು.

"ಹೇಳಿ ಸಾರ್, ಏನು ತೊಂದರೆ?"

"ಕೆಂಪು ಗುರುತು ಬಂದಿದೆ ಮೇಡಂ. ಅರ್ಜಿ ಹೋಗ್ತಾ ಇಲ್ಲ."

"ಸ್ಕ್ರೀನ್‌ಶಾಟ್ ಕಳಿಸಿ ಸಾರ್."

"ಬಾಯಲ್ಲೇ ಹೇಳ್ತೀನಿ, ಬರ್ಕೊಳ್ಳಿ. ಇದರಲ್ಲಿ ಏನಿದೆ ಅಂದ್ರೆ..."

"ಬಾಯಲ್ಲಿ ಹೇಳಿದ್ದು ತಗೊಳ್ಳಲ್ಲ ಸಾರ್. ಸ್ಕ್ರೀನ್‌ಶಾಟ್ ಇಲ್ದೆ ದೂರು ದಾಖಲಾಗಲ್ಲ. ಆ ಬಾಕ್ಸ್ ಮಾತ್ರ ಮುಚ್ಚಬೇಡಿ, ಮುಚ್ಚಿದ್ರೆ ಸಾಕ್ಷಿ ಹೋಯ್ತು."

"ಫೋನಲ್ಲಿ ಫೋಟೊ ತೆಗೆದು ಕಳಿಸ್ಲಾ?"

"ಫೋನ್ ಫೋಟೊ ನಡೆಯಲ್ಲ. ಕಂಪ್ಯೂಟರಿಂದಲೇ ತೆಗೆದಿರಬೇಕು. ಇನ್ನೇನಾದ್ರೂ ಸಹಾಯ ಬೇಕಾ ಸಾರ್?"

ಬಾವಿಗೆ ಬಿದ್ದವನು ಕೂಗಿಕೊಂಡರೆ, ಬಿದ್ದದ್ದಕ್ಕೆ ಫೋಟೊ ತಾ ಎಂದು ಕೇಳುವ ಕಾಲ ಇದು. ಶನಿವಾರನಿಗೆ ಸ್ಕ್ರೀನ್‌ಶಾಟ್ ಎಂದರೇನು ಎಂದು ಗೊತ್ತಿತ್ತು. ಹೇಗೆ ತೆಗೆಯುವುದು ಎಂದು ಗೊತ್ತಿರಲಿಲ್ಲ. ಈ ಕಂಪ್ಯೂಟರ್ ಅವನ ಮೇಜಿಗೆ ಬಂದು ಆರು ವರ್ಷವಾಗಿತ್ತು. ಮೀಟರ್ ದೂರು ಬರೆಯುವುದು, ಮುಚ್ಚುವುದು, ಇಷ್ಟರಲ್ಲೇ ಇಬ್ಬರೂ ಮರ್ಯಾದೆಯಿಂದ ಸಂಸಾರ ಮಾಡಿಕೊಂಡು ಬಂದಿದ್ದರು.

ಅವನು ತಲೆಯ ಮೇಲೆ ಕೈ ಇಟ್ಟ ಗಳಿಗೆಗೇ ಹೆಡ್ ಕ್ಲರ್ಕ್ ಎದ್ದು ಬಂದರು. ಮೂವತ್ತು ವರ್ಷದ ಸೇವೆಯಲ್ಲಿ ಅವರು 'ಗೊತ್ತಿಲ್ಲ' ಎಂಬ ಪದವನ್ನು ಒಮ್ಮೆಯೂ ಬಳಸಿದವರಲ್ಲ. ಗೊತ್ತಿಲ್ಲದ್ದನ್ನು ಅವರು ಇನ್ನೂ ಸ್ವಲ್ಪ ಜೋರು ದನಿಯಲ್ಲಿ ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

"ಬೇರೆ ಕಂಪ್ಯೂಟರಿಂದ ಮತ್ತೆ ಅರ್ಜಿ ಹಾಕ್ಲಾ ಸಾರ್?" ಎಂದು ಶನಿವಾರ ಕೇಳಿದ.

"ಹುಚ್ಚೇನಯ್ಯ ನಿಂಗೆ? ಒಬ್ಬನ ಹೆಸರಲ್ಲಿ ಎರಡು ಅರ್ಜಿ ಆದ್ರೆ ಎರಡೂ ರದ್ದು. ಸುತ್ತೋಲೆ ಓದಿಲ್ವಾ? ಸ್ಕ್ರೀನ್‌ಶಾಟ್ ತಾನೆ, ಅದೇನು ಬ್ರಹ್ಮವಿದ್ಯೆ? ನೋಡಿಲ್ಲಿ, ಪ್ರಿಂಟ್ ಸ್ಕ್ರೀನ್ ಅಂತ ಕೀಲಿ ಇದೆ. ಒತ್ತು."

ಒತ್ತಿದ. ಏನೂ ಆಗಲಿಲ್ಲ.

"ಹೂ ಮುಟ್ಟಿದ ಹಾಗೆ ಮುಟ್ಟಿದ್ರೆ ಆಗುತ್ತಾ? ಗಟ್ಟಿಯಾಗಿ ಒತ್ತಯ್ಯ."

ಗಟ್ಟಿಯಾಗಿ ಒತ್ತಿದ. ಆಮೇಲೆ ಹೆಡ್ ಕ್ಲರ್ಕೇ ಹೆಬ್ಬೆರಳಿನಿಂದ ಹದಿನೈದು ಇಪ್ಪತ್ತು ಸಲ ಒತ್ತಿದರು. ಬಾಕ್ಸ್ ಅಲುಗಾಡದೆ ನೋಡುತ್ತಿತ್ತು. ಹೆಡ್ ಕ್ಲರ್ಕ್ ಸ್ವಲ್ಪ ಹೊತ್ತು ಯೋಚಿಸಿದರು. ಅವರು ಯೋಚಿಸಿದರೆ ಯಾರಿಗಾದರೂ ಕೇಡು ಎಂದು ಕಚೇರಿಯಲ್ಲಿ ಎಲ್ಲರಿಗೂ ಅನುಭವವಿತ್ತು.

"ಪ್ರಿಂಟ್ ಅಂತ ಬರೆದಿದೆ. ಅಂದ್ಮೇಲೆ ಎಲ್ಲಿಗೆ ಹೋಗುತ್ತೆ? ಪ್ರಿಂಟರಿಗೆ! ಹೋಗಿ ನೋಡು."

ಪ್ರಿಂಟರ್ ಪಕ್ಕದ ಕೋಣೆಯಲ್ಲಿತ್ತು, ಸೋಮವಾರದಿಂದ ಮುನಿಸಿಕೊಂಡು ಮಲಗಿತ್ತು. ಇಬ್ಬರೂ ಸೇರಿ ಅದರ ತಂತಿ ಕಿತ್ತು ಚುಚ್ಚಿ, ಹೊಟ್ಟೆ ತೆರೆದು ಮುಚ್ಚಿ, ಕೊನೆಗೆ ಹೆಡ್ ಕ್ಲರ್ಕ್ ಪಕ್ಕೆಗೊಂದು ಕೊಟ್ಟರು. ಪ್ರಿಂಟರ್ ಕೆಮ್ಮಿ ಎದ್ದಿತು. ಎದ್ದದ್ದೇ ಕಾಗದ ಕಾರತೊಡಗಿತು. ಒಂದು, ಎರಡು, ಹತ್ತು, ಇಪ್ಪತ್ತು.

"ನೋಡಿದ್ಯಾ? ಒತ್ತಿದಷ್ಟೂ ಬಂತು!" ಎಂದು ಹೆಡ್ ಕ್ಲರ್ಕ್ ಬೀಗಿದರು.

ಬಂದದ್ದು ಸ್ಕ್ರೀನ್‌ಶಾಟ್ ಆಗಿರಲಿಲ್ಲ. ಸೋಮವಾರದಿಂದ ಒಳಗೆ ಸಿಕ್ಕಿಕೊಂಡಿದ್ದ ಸಾಹೇಬರ ಸುತ್ತೋಲೆ ಅದು. ವಿಷಯ: ಕಚೇರಿಯಲ್ಲಿ ಕಾಗದದ ದುಂದುವೆಚ್ಚ ತಡೆಯುವುದು. ನಿಲ್ಲಿಸುವ ಗುಂಡಿ ಯಾವುದು ಎಂದು ಇಬ್ಬರಿಗೂ ತಿಳಿಯದೆ, ನಿಲ್ಲುವ ಹೊತ್ತಿಗೆ ಇನ್ನೂರ ಹನ್ನೆರಡು ಪ್ರತಿ ನೆಲದ ಮೇಲೆ ಹರಡಿತ್ತು. ಬಾಗಿಲಲ್ಲಿ ಸಾಹೇಬರು ನಿಂತಿದ್ದರು. ಶನಿವಾರ ತಿರುಗಿ ನೋಡಿದ. ಹೆಡ್ ಕ್ಲರ್ಕ್ ಅಷ್ಟರಲ್ಲಿ ತಮ್ಮ ಕುರ್ಚಿಯಲ್ಲಿ ಕೂತು ಕಡತ ಓದುತ್ತಿದ್ದರು.

"ಹನ್ನೆರಡೂವರೆಗೆ ನನ್ನ ಚೇಂಬರಿಗೆ ಬನ್ನಿ" ಎಂದರು ಸಾಹೇಬರು, ಬಹಳ ಮೆತ್ತಗೆ.

ಅವನು ಮೇಜಿಗೆ ಬಂದಾಗ ಅಲ್ಲಿ 'ಮಾಜಿ' ಕೂತಿದ್ದರು. ಮಾಜಿ ಈ ಕಚೇರಿಯಿಂದ ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು. ಆದರೂ ದಿನಾ ಬೆಳಗ್ಗೆ ಹನ್ನೊಂದಕ್ಕೆ ಬಂದು, ಕಚೇರಿಯ ಪತ್ರಿಕೆ ಓದಿ, ಪದಬಂಧ ತುಂಬಿ, ಐದಕ್ಕೆ ಹೋಗುತ್ತಿದ್ದರು. ಸೇವೆಯಲ್ಲಿದ್ದಾಗ ಇಷ್ಟು ಶಿಸ್ತಾಗಿ ಬಂದಿದ್ದರೆ ಒಂದು ಬಡ್ತಿಯಾದರೂ ಸಿಗುತ್ತಿತ್ತೇನೋ.

"ಏನು ಮಗೂ, ಯಂತ್ರ ಕೆಟ್ಟಿದೆಯಂತೆ? ಒಂದ್ಸಲ ಆಫ್ ಮಾಡಿ ಆನ್ ಮಾಡಿಬಿಡು" ಎನ್ನುತ್ತಾ ಸ್ವಿಚ್ಚಿಗೆ ಕೈ ಹಾಕಿದರು.

"ಅಯ್ಯಯ್ಯೋ, ಬೇಡಿ ಸಾರ್!" ಎಂದು ಶನಿವಾರ ಹಾರಿ ಅವರ ಕೈ ಹಿಡಿದುಕೊಂಡ. "ಬಾಕ್ಸ್ ಹೋದ್ರೆ ನನ್ನ ಸಾಕ್ಷಿ ಹೋಗುತ್ತೆ!"

ಮಾಜಿಗೆ ಅವಮಾನವಾಯಿತು. ಈಗಿನವರಿಗೆ ಹಿರಿಯರ ಮಾತು ಬೇಡ ಎಂದು ಗೊಣಗಿ ಪತ್ರಿಕೆಯ ಹಿಂದೆ ಮರೆಯಾದರು.

ಆ ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲವರು ಒಬ್ಬರೇ, ಟೈಪಿಸ್ಟ್ ಮೇಡಂ. ಬಲ್ಲವರಾದ್ದರಿಂದಲೇ ಅವರನ್ನು ಯಾರೂ ಮೊದಲು ಕೇಳುತ್ತಿರಲಿಲ್ಲ. ಅವತ್ತು ಅವರಿಗೆ ಹಲ್ಲುನೋವು ಬೇರೆ, ಒಂದು ಗಂಟೆಗೆ ಅರ್ಧ ದಿನದ ರಜೆ ಹಾಕಿ ಹಲ್ಲು ಕೀಳಿಸಲು ಹೊರಡುವವರಿದ್ದರು. ಕೆನ್ನೆ ಹಿಡಿದುಕೊಂಡೇ ಬಂದು ನೋಡಿದರು.

"ಒತ್ತಿದ್ದು ಪ್ರಿಂಟರಿಗೆ ಹೋಗಲ್ಲ ಸಾರ್. ಕಂಪ್ಯೂಟರ್ ನೆನಪಲ್ಲಿ ಇಟ್ಕೊಂಡಿರುತ್ತೆ. ಬೇರೆ ಕಡೆ ಅಂಟಿಸಿದ್ರೆ ಕಾಣುತ್ತೆ, ನೋಡಿ" ಎಂದು ಖಾಲಿ ಪುಟವೊಂದನ್ನು ತೆರೆದು ಅಂಟಿಸಿದರು.

ಪುಟದ ಮೇಲೆ ಮೂಡಿದ್ದು ಒಂದೇ ಸಾಲು: 'ನಮ್ಮ ಮನೆಯ ಮೀಟರ್ ನೀರಿಲ್ಲದಿದ್ದರೂ ಓಡುತ್ತಿದೆ, ದಯವಿಟ್ಟು ಬಂದು ನೋಡಿ.' ಗುಮಾಸ್ತ ಹಿಂದಿನ ದಿನ ಯಾರದೋ ದೂರಿನಿಂದ ನಕಲು ಮಾಡಿಕೊಂಡಿದ್ದ ಸಾಲು ಅದು. ಕಂಪ್ಯೂಟರಿನ ನೆನಪಿನಲ್ಲಿ ಉಳಿದದ್ದು ಅದೊಂದೇ.

"ಅಂದ್ರೆ ಈ ಕೀಬೋರ್ಡಲ್ಲಿ ಬರೀ ಒತ್ತಿದ್ರೆ ಸಾಲದು. ಇನ್ನೊಂದು ಕೀಲಿ ಜೊತೆ ಹಿಡೀಬೇಕು. ಯಾವುದಂತ ನೋಡ್ತೀನಿ ಇರಿ" ಎಂದು ಮೇಡಂ ಆ ಪುಟ ಮುಚ್ಚುವಷ್ಟರಲ್ಲಿ ಗಂಟೆ ಹನ್ನೆರಡೂವರೆ ಬಡಿಯಿತು. ಶನಿವಾರ ಸಾಹೇಬರ ಚೇಂಬರಿಗೆ ಓಡಿದ.

ಸಾಹೇಬರು ನಲವತ್ತು ನಿಮಿಷ ಕಾಗದದ ಬಗ್ಗೆ ಮಾತಾಡಿದರು. ಒಂದು ಮರದಿಂದ ಎಷ್ಟು ಕಾಗದ ಆಗುತ್ತದೆ, ತಾವು ಚಿಕ್ಕವರಿದ್ದಾಗ ಒಂದೇ ಹಾಳೆಯ ಎರಡೂ ಬದಿಗೆ ಹೇಗೆ ಬರೆಯುತ್ತಿದ್ದರು, ಎಲ್ಲ ಹೇಳಿದರು. ಆಮೇಲೆ ವಿವರಣೆ ಕೇಳಿ ಒಂದು ಮೆಮೊ ಕೊಟ್ಟರು, ಅದು ನಾಲ್ಕು ಹಾಳೆಯಲ್ಲಿತ್ತು. ಶನಿವಾರ "ಹೌದು ಸಾರ್, ತಪ್ಪಾಯ್ತು ಸಾರ್" ಎನ್ನುತ್ತಾ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ.

ವಾಪಸು ಬಂದಾಗ ಒಂದೂಕಾಲು. ಟೈಪಿಸ್ಟ್ ಮೇಡಂ ಹೊರಟುಹೋಗಿದ್ದರು. ಮಾಜಿ ಪದಬಂಧದಲ್ಲಿ ಮುಳುಗಿದ್ದರು. ಕಂಪ್ಯೂಟರಿನಲ್ಲಿ ಬಾಕ್ಸ್ ಹಾಗೇ ಇತ್ತು, ಅದೇ ಕೆಂಪು ಗುರುತು, ಅದೇ 'ಸರಿ' ಗುಂಡಿ.

"ಮೇಡಂ ಏನಾದ್ರೂ ಹೇಳಿ ಹೋದ್ರಾ ಸಾರ್?"

"ಹೂಂ, ಏನೋ ಅಂದ್ರಪ್ಪ" ಎಂದರು ಮಾಜಿ ಪೆನ್ನು ಕಚ್ಚುತ್ತಾ. "ಬಾಯಿ ಊದಿತ್ತು ನೋಡು, ಸರಿಯಾಗಿ ಕೇಳಿಸಲಿಲ್ಲ."

ಅಷ್ಟರಲ್ಲಿ ಹೆಂಡತಿಯ ಫೋನು. "ಏನಾಯ್ತು ರೀ? ಹೋಯ್ತಾ?"

"ಹೋಗುತ್ತೆ. ಒಂದು ಸ್ಕ್ರೀನ್‌ಶಾಟ್ ತೆಗೀಬೇಕಷ್ಟೇ."

"ಬೆಳಗ್ಗೆಯಿಂದ ಒಂದು ಸ್ಕ್ರೀನ್‌ಶಾಟ್ ತೆಗೀತಾ ಇದೀರಾ? ಅದಕ್ಕೆ ಎಷ್ಟು ಹೊತ್ತು ಬೇಕು ರೀ? ಪಾಪು ಅಪ್ಪ ಬರ್ತಾರೆ ಅಂತ ತನ್ನ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿ ಇಟ್ಟಿದಾಳೆ."

ಶನಿವಾರನಿಗೆ ಅಳು ಬರುವಂತಾಯಿತು. ಅವನಿಗೆ ಬೇರೇನೂ ಬೇಕಿರಲಿಲ್ಲ. ಆ ಕಪಾಟಿನ ಒಂದು ಖಾನೆ ಸಾಕಿತ್ತು. ಸಾಕ್ಷಿಯೂ ಬೇಡ, ದೂರೂ ಬೇಡ ಎಂದು ಗಟ್ಟಿ ಮನಸ್ಸು ಮಾಡಿ, 'ಸರಿ' ಗುಂಡಿಯ ಮೇಲೆ ಬಾಣದ ಗುರುತು ತಂದು ಒತ್ತಿಯೇಬಿಟ್ಟ. ಬಾಕ್ಸ್ ಹೋಗಲಿಲ್ಲ. ಮತ್ತೆ ಒತ್ತಿದ. ಟಕಟಕ ಎಂದು ಇಪ್ಪತ್ತು ಸಲ ಒತ್ತಿದ. ಬಾಣ ಓಡಾಡುತ್ತಿತ್ತು, ಗುಂಡಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಸಾರ್, ಈಗ ಪೂರ್ತಿ ಸತ್ತೇಹೋಯ್ತು" ಎಂದು ಹೆಡ್ ಕ್ಲರ್ಕರನ್ನು ಕೂಗಿದ.

ಹೆಡ್ ಕ್ಲರ್ಕ್ ಬಂದು ಮೌಸನ್ನು ಅಂಗಾತ ಮಲಗಿಸಿ ಹೊಟ್ಟೆ ಕೆರೆದರು. ಕೀಬೋರ್ಡನ್ನು ತಲೆಕೆಳಗು ಮಾಡಿ ಬಡಿದರು. ಆರು ವರ್ಷದ ಬಿಸ್ಕತ್ತಿನ ಪುಡಿ, ಎರಡು ಗುಂಡುಸೂಜಿ, ಒಂದು ಇರುವೆ ಉದುರಿದವು. ಇರುವೆಯನ್ನು ಹಿಡಿದು, "ಇದೇ ಕಾರಣ" ಎಂದು ತೀರ್ಪು ಕೊಟ್ಟರು. ಇರುವೆಯನ್ನು ಹೊರಗೆ ಬಿಟ್ಟು ಬಂದ ಮೇಲೂ ಗುಂಡಿ ಒತ್ತಲಾಗಲಿಲ್ಲ. ಆಗ ಅವರ ಕಣ್ಣು ಪರದೆಯ ಕೆಳಮೂಲೆಗೆ ಬಿತ್ತು.

"ಈಗೆಷ್ಟು ಗಂಟೆ?"

"ಎರಡೂ ಹತ್ತು."

"ಇದರಲ್ಲಿ ಹನ್ನೆರಡೂ ನಲವತ್ತೇಳಿದೆ ನೋಡು. ಗಡಿಯಾರನೂ ನಿಂತುಬಿಟ್ಟಿದೆ. ಗಡಿಯಾರ ನಿಂತಿದೆ ಅಂದ್ರೆ..." ಹೆಡ್ ಕ್ಲರ್ಕ್ ದನಿ ತಗ್ಗಿಸಿದರು, "ಒಳಗಡೆ ದೊಡ್ಡದೇ ಏನೋ ಆಗಿದೆ ಕಣಯ್ಯ."

ಮಾಜಿಯೂ ಎದ್ದು ಬಂದು ನೋಡಿ, ನಾಡಿ ನಿಂತ ರೋಗಿಯ ಮುಂದೆ ನಿಂತವರಂತೆ ತಲೆಯಾಡಿಸಿದರು.

ಮತ್ತೆ ಸಹಾಯವಾಣಿ. ಈ ಸಲ ಹತ್ತೊಂಬತ್ತು ನಿಮಿಷ ಸಂಗೀತ. ಅದೇ ಹೆಣ್ಣುದನಿ, ಅದೇ ಮಾತು, ಸ್ಕ್ರೀನ್‌ಶಾಟ್ ಕಳಿಸಿ.

"ತೆಗೆಯೋದು ಹೇಗೆ ಅಂತ ಹೇಳಿಕೊಡಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಮೊದಲೇ ಕೇಳೋದಲ್ವಾ ಸಾರ್? ಕಿಟಕಿ ಗುರುತಿನ ಕೀಲಿ, ಎಫ್‌ಎನ್ ಅಂತ ಇರೋ ಕೀಲಿ, ಪ್ರಿಂಟ್ ಸ್ಕ್ರೀನ್. ಮೂರೂ ಒಟ್ಟಿಗೆ. ಪರದೆ ಒಂದು ಕ್ಷಣ ಮಬ್ಬಾದ್ರೆ ಬಂತು ಅಂತ ಅರ್ಥ. ಚಿತ್ರ ನಿಮ್ಮ ಕಚೇರಿಯ ಎಲ್ಲರಿಗೂ ಸೇರಿದ ಫೋಲ್ಡರಿಗೆ ಹೋಗಿ ಕೂರುತ್ತೆ, ಯಾವ ಕಂಪ್ಯೂಟರಿಂದ ಬೇಕಾದ್ರೂ ತೆಗೆದು ಕಳಿಸಬಹುದು."

ಮೂರು ಕೀಲಿಗಳೂ ಕೀಬೋರ್ಡಿನ ಮೂರು ದಿಕ್ಕಿನಲ್ಲಿದ್ದವು. ಶನಿವಾರನ ಒಂದು ಕೈಯಲ್ಲಿ ಫೋನು, ಅದನ್ನು ಇಟ್ಟರೆ ಮತ್ತೆ ಸಂಗೀತ. ಹಾಗಾಗಿ ಹೆಡ್ ಕ್ಲರ್ಕ್ ಎಡಗಡೆಯ ಕೀಲಿ, ಮಾಜಿ ನಡುವಿನದು, ಶನಿವಾರ ಬಲಗಡೆಯದು ಎಂದು ಹಂಚಿಕೊಂಡರು. ಹಂಚಿಕೊಂಡದ್ದೇ ಜಗಳಕ್ಕೆ ಮೂಲವಾಯಿತು. 'ಮೂರು' ಎಂದಾಗ ಒತ್ತಬೇಕೋ, 'ಮೂರು' ಎಂದ ಮೇಲೆ ಒತ್ತಬೇಕೋ ಎಂದು ಹೆಡ್ ಕ್ಲರ್ಕಿಗೂ ಮಾಜಿಗೂ ಹತ್ತಿಕೊಂಡಿತು. ಇಬ್ಬರೂ ಹದಿನೆಂಟು ವರ್ಷದ ಹಿಂದಿನ ಒಂದು ಬಡ್ತಿಯ ವಿಷಯವನ್ನೂ ನಡುವೆ ಎಳೆದು ತಂದರು. ಒಮ್ಮೆ ಹೆಡ್ ಕ್ಲರ್ಕ್ ಬೇಗ ಒತ್ತಿದರು, ಒಮ್ಮೆ ಮಾಜಿ ಬೇರೆ ಕೀಲಿ ಒತ್ತಿದರು, ಒಮ್ಮೆ ಮೂವರೂ ಸರಿಯಾಗಿ ಒತ್ತಿದ್ದರೇನೋ, ಆದರೆ ಆಗಲೇ ಮಾಜಿಗೆ ಸೀನು ಬಂತು. ಬೆನ್ನು ಬಗ್ಗಿಸಿ ಒಂದೇ ಕೀಬೋರ್ಡಿಗೆ ಮುಗಿಬಿದ್ದ ಮೂವರನ್ನು ಸಾಹೇಬರು ಕಾರಿಡಾರಿನಿಂದಲೇ ನೋಡಿ, ಏನೂ ಕೇಳದೆ, ಚೇಂಬರಿನ ಬಾಗಿಲು ಮುಚ್ಚಿಕೊಂಡರು.

ಮೂರೂ ಮುಕ್ಕಾಲಿಗೆ ಪರದೆ ಮಬ್ಬಾಯಿತು. ಒಂದು ಕ್ಷಣ, ಅಷ್ಟೇ.

"ಬಂತು!" ಎಂದು ಮೂವರೂ ಕೂಗಿದರು. ಹೆಡ್ ಕ್ಲರ್ಕರ ಕಂಪ್ಯೂಟರಿಗೆ ಓಡಿ ಫೋಲ್ಡರ್ ತೆರೆದು, ಮೇಲ್ಗಡೆ ಇದ್ದ ಚಿತ್ರವನ್ನು ಸಹಾಯವಾಣಿಗೆ ಕಳಿಸಿದರು. ಶನಿವಾರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಹಾಲು ಹತ್ತು ನಿಮಿಷದಲ್ಲೇ ಒಡೆಯಿತು.

"ಸಾರ್, ಹಳೇ ಸ್ಕ್ರೀನ್‌ಶಾಟ್ ಕಳಿಸಿದೀರ. ಇದರಲ್ಲಿ ಗಂಟೆ ಹನ್ನೆರಡೂ ನಲವತ್ತೇಳಿದೆ. ಒಂದು ಗಂಟೆಗಿಂತ ಹಳೇದು ನಾವು ತಗೊಳ್ಳಲ್ಲ."

"ಈಗಿನ್ನೂ ತೆಗೆದದ್ದು ಮೇಡಂ! ಗಡಿಯಾರ ನಿಂತಿದೆ, ಅದಕ್ಕೆ ನಾನೇನ್ಮಾಡ್ಲಿ?"

"ಗಡಿಯಾರ ನಿಂತಿದ್ರೆ ಅದು ಬೇರೆ ದೂರು ಸಾರ್. ಅದಕ್ಕೆ ಬೇರೆ ಸ್ಕ್ರೀನ್‌ಶಾಟ್ ಕಳಿಸಿ."

"ಅದೇ ಚಿತ್ರದಲ್ಲಿ ಗಡಿಯಾರನೂ ಇದೆಯಲ್ಲ ತಾಯಿ!"

"ಒಂದು ಚಿತ್ರ ಎರಡು ದೂರಿಗೆ ನಡೆಯಲ್ಲ ಸಾರ್. ಇನ್ನೇನಾದ್ರೂ ಸಹಾಯ ಬೇಕಾ?"

ಮತ್ತೆ ತೆಗೆದರು. ಮತ್ತೆ ಹನ್ನೆರಡೂ ನಲವತ್ತೇಳು. ನಾಲ್ಕು ಗಂಟೆಗೆ ಅವನಿಗೆ ಟೈಪಿಸ್ಟ್ ಮೇಡಂ ನೆನಪಾಗಿ ಫೋನು ಮಾಡಿದ. ಅವರ ಹಲ್ಲು ಹೋಗಿ, ಬಾಯಿ ತುಂಬ ಹತ್ತಿ ಇತ್ತು.

"ಮೇಡಂ, ಬಾಕ್ಸ್ ಇನ್ನೂ ಹಾಗೇ ಇದೆ! ಏನು ಮಾಡ್ಲಿ?"

"ಅಂ... ಇಂಹ... ಹಂಹ್ಞ..." ಎಂದು ಅವರು ಬಹಳ ಒತ್ತಾಯದಿಂದ ಏನೋ ಹೇಳಿದರು.

"ಏನಂತೆ?" ಎಂದರು ಹೆಡ್ ಕ್ಲರ್ಕ್.

"ನೋವಂತೆ" ಎಂದ ಶನಿವಾರ, ಫೋನಿಟ್ಟ.

ನಾಲ್ಕೂ ಹತ್ತಕ್ಕೆ ಹೆಂಡತಿ ಮತ್ತೆ ಕರೆದಳು. ಅವನು ಇರುವೆ, ಗಡಿಯಾರ, ಸೀನು, ಹತ್ತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

"ಆಯ್ತು ಬಿಡಿ" ಎಂದಳು ಹೆಂಡತಿ, ಫೋನು ಇಟ್ಟಳು.

ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮದುವೆಯಾದವರಿಗೆ 'ಆಯ್ತು ಬಿಡಿ' ಎಂಬುದರ ತೂಕ ಹೇಳಬೇಕಾಗಿಲ್ಲ. ಶನಿವಾರ ಬಾಕ್ಸಿನ ಮುಂದೆ ಕೈಕಟ್ಟಿ ಕೂತುಬಿಟ್ಟ. ಹೆಡ್ ಕ್ಲರ್ಕ್, "ನಿನ್ನ ಹಣೇಲಿ ಬರೆದಿಲ್ಲ ಬಿಡಯ್ಯ" ಎಂದು ಸಮಾಧಾನ ಹೇಳಿ ಟೀ ಕುಡಿಯಲು ಹೋದರು. ಕೆಡಿಸುವಾಗ ತಮ್ಮ ಕೈ, ಕೆಟ್ಟ ಮೇಲೆ ಅವನ ಹಣೆ.

ನಾಲ್ಕೂ ಐವತ್ತಕ್ಕೆ ಕಸ ಗುಡಿಸುವಾಕೆ ಒದ್ದೆ ಬಟ್ಟೆ ಹಿಡಿದು ಮೇಜು ಒರೆಸಲು ಬಂದಳು. ಆಕೆ ರಾತ್ರಿಶಾಲೆಗೆ ಸೇರಿ ಆರು ತಿಂಗಳಾಗಿತ್ತು, ಹೊಸದಾಗಿ ಅಕ್ಷರ ಕಲಿತವರಂತೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಬಾಗಿಲ ಮೇಲಿನ ಫಲಕ, ಬಿಸ್ಕತ್ತಿನ ಪೊಟ್ಟಣ, ಯಾವುದನ್ನೂ ಬಿಡುತ್ತಿರಲಿಲ್ಲ. ಶನಿವಾರನ ಪರದೆಯ ಮುಂದೆ ನಿಂತು ಬೆರಳಿಟ್ಟು ಓದಿದಳು.

"ಈಗ... ಒತ್ತಡ... ಹೆಚ್ಚಿದೆ. 'ಸರಿ' ಒತ್ತಿ, ಹತ್ತು... ನಿಮಿಷ ಬಿಟ್ಟು... ಮತ್ತೆ... ಸಲ್ಲಿಸಿ." ಓದಿ ಮುಗಿಸಿ ಅವನ ಕಡೆ ತಿರುಗಿದಳು. "ಹತ್ತು ನಿಮಿಷ ಆಗಿಲ್ವಾ ಅಣ್ಣ ಇನ್ನೂ?"

ಬೆಳಗ್ಗೆಯಿಂದ ಆ ಬಾಕ್ಸನ್ನು ನೋಡಿದವರಿದ್ದರು, ಬಡಿದವರಿದ್ದರು, ಅದರ ಫೋಟೊ ತೆಗೆದವರಿದ್ದರು. ಓದಿದವರು ಇವಳೊಬ್ಬಳೇ. ಆಕೆ ಉತ್ತರಕ್ಕೆ ಕಾಯದೆ ಕೀಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ಒಂದು ಸಲ ಒರೆಸಿದಳು. ಯಾವ ಕೀಲಿ ಅದುಮಿತೋ, ಪರದೆ ಚಕ್ಕನೆ ಮಿಂಚಿತು. ಬಾಕ್ಸ್ ಮಾಯವಾಯಿತು. ಅದರ ಹಿಂದೆ ಇನ್ನೊಂದು ಬಾಕ್ಸ್ ನಿಂತಿತ್ತು, ಪಡಿಯಚ್ಚು ಅದೇ. ಕೆಳಮೂಲೆಯ ಗಡಿಯಾರ ಮಾತ್ರ ನಾಲ್ಕೂ ಐವತ್ತೆರಡು ಎನ್ನುತ್ತಿತ್ತು.

"ಅಯ್ಯೋ, ಏನೋ ಹೋಯ್ತಲ್ಲಣ್ಣ! ನಾನೇನೂ ಮಾಡಿಲ್ಲ" ಎಂದು ಆಕೆ ಹಿಂದೆ ಸರಿದಳು.

ಆಗ ಮಾಜಿ ಪತ್ರಿಕೆ ಕೆಳಗಿಟ್ಟು ಹಣೆ ಬಡಿದುಕೊಂಡರು. "ಹಾಂ! ಈಗ ನೆನಪಾಯ್ತು. ನೀನು ಸಾಹೇಬ್ರ ಹತ್ರ ಇದ್ದಾಗ ಮೇಡಂ ಏನೋ ಒತ್ತಿ ಚಿತ್ರ ತೆಗೆದ್ರು. ಸರಿಯಾಗಿ ಬಂದಿದೆಯಾ ಅಂತ ಪರದೆ ತುಂಬ ದೊಡ್ಡದು ಮಾಡಿಟ್ಟು, ಇದು ಬರೀ ಚಿತ್ರ, ಮುಚ್ಚಿ ಕಳಿಸೋಕೆ ಹೇಳಿ ಅಂದ್ರು. ನಾನು ಆಗ ಅಡ್ಡಸಾಲು ಹದಿನಾಲ್ಕರಲ್ಲಿ ಇದ್ದೆ."

ಅಂದರೆ ಮಧ್ಯಾಹ್ನ ಒಂದೂಕಾಲಿನಿಂದ ನಾಲ್ಕೂ ಐವತ್ತರವರೆಗೆ ಇಬ್ಬರು ಸರ್ಕಾರಿ ನೌಕರರು, ಒಬ್ಬ ಮಾಜಿ ಸರ್ಕಾರಿ ನೌಕರ ಸೇರಿ ಒಂದು ಚಿತ್ರದ ಗುಂಡಿಯನ್ನು ಒತ್ತುತ್ತಿದ್ದರು, ಚಿತ್ರದೊಳಗಿನ ಗಡಿಯಾರ ನಿಂತಿದೆಯೆಂದು ಮರುಗುತ್ತಿದ್ದರು, ಚಿತ್ರದ ಚಿತ್ರವನ್ನು ತೆಗೆದು ಕೇಂದ್ರ ಕಚೇರಿಗೆ ಕಳಿಸುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕತೆ ಹಳೆಯದು. ಇವರು ಕೂಸಿನ ಫೋಟೊಗೆ ಹಾಲು ಕುಡಿಸಲು ನೋಡಿದವರು.

ಬೈಯಲು ಹೊತ್ತಿರಲಿಲ್ಲ. ಶನಿವಾರ 'ಸರಿ' ಒತ್ತಿದ. ಬಾಕ್ಸ್ ಸಾಧು ಹಸುವಿನಂತೆ ಸರಿದುಹೋಯಿತು. ಒಂಬತ್ತು ಪುಟವೂ ತುಂಬಿದ್ದ ಹಾಗೇ ಇತ್ತು. 'ಸಲ್ಲಿಸು' ಒತ್ತಿದ. ಚಕ್ರ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ನಾಲ್ಕೂ ಐವತ್ತಾರಕ್ಕೆ ಹಸಿರು ಅಕ್ಷರ ಮೂಡಿತು: 'ದಂಪತಿ ಆದ್ಯತೆಯಡಿ ವರ್ಗಾವಣೆ ಮಂಜೂರಾಗಿದೆ. ಸೋಮವಾರ ಹಾಜರಾಗತಕ್ಕದ್ದು.' ಕೆಳಗೆ ಹೆಂಡತಿಯ ಊರಿನ ಕಚೇರಿಯ ವಿಳಾಸ.

ಅವನು ಈ ಸಲ ಓದಿದ. ಎರಡು ಸಲ ಓದಿದ. ಕಸ ಗುಡಿಸುವಾಕೆಯ ಕೈಲೂ ಓದಿಸಿದ. ನಾಲ್ಕು ವರ್ಷದ ಬಸ್ಸಿನ ಧೂಳೆಲ್ಲ ಒಂದೇ ಸಲ ಮೈಯಿಂದ ಉದುರಿದಂತಾಗಿ ಕುರ್ಚಿಯಲ್ಲಿ ಕುಸಿದು ಕೂತ. ಹೆಡ್ ಕ್ಲರ್ಕ್ ಟೀ ಮುಗಿಸಿ ಬಂದು, "ನಾನು ಹೇಳಿದ ಹಾಗೆ ಒತ್ತಿದೆ ತಾನೆ?" ಎಂದು ಬೆನ್ನು ತಟ್ಟಿದರು. ಮಾಜಿ, ಸೀನಿದ್ದು ಶುಭಶಕುನ ಎಂದರು.

ಹೆಂಡತಿಗೆ ಹೇಳೋಣವೆಂದು ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅದೇ ಗುಂಯ್‌ಗುಟ್ಟಿತು. ಅವಳಿಂದ ಒಂದು ಚಿತ್ರ ಬಂದಿತ್ತು. ಅದು ಕಂಪ್ಯೂಟರಿನಲ್ಲಿ ತೆಗೆದ ಸ್ಕ್ರೀನ್‌ಶಾಟ್, ಅದೂ ಎಂಥ ಸ್ಕ್ರೀನ್‌ಶಾಟ್! ಬೇಕಾದಷ್ಟನ್ನೇ ಅಚ್ಚುಕಟ್ಟಾಗಿ ಕತ್ತರಿಸಿ, ಮುಖ್ಯವಾದ ಸಾಲಿನ ಸುತ್ತ ಕೆಂಪು ಗೆರೆ ಎಳೆದಿತ್ತು. ಅದೇ ಹಸಿರು ಅಕ್ಷರ, ಅದೇ ದಂಪತಿ ಆದ್ಯತೆ, ಅದೇ ಸೋಮವಾರ. ಹೆಸರು ಹೆಂಡತಿಯದು. ವಿಳಾಸ ಇವನು ಕೂತಿದ್ದ ಈ ಕಚೇರಿಯದು. ಸಮಯ ನಾಲ್ಕೂ ನಲವತ್ತೊಂದು.

ಕೆಳಗೆ ಬರೆದಿದ್ದಳು: 'ನಿಮ್ಮನ್ನ ನಂಬಿ ಕೂತ್ರೆ ಆಗಲ್ಲ ಅಂತ ನಾನೇ ಹಾಕಿಬಿಟ್ಟೆ ರೀ. ನಿಮ್ಮ ಆಫೀಸಲ್ಲಿ ಮೂರು ಕುರ್ಚಿ ಖಾಲಿ ಇತ್ತು, ಯಾರೂ ಕೇಳಿರಲೇ ಇಲ್ಲ. ಒಂದೇ ಸಲಕ್ಕೆ ಹೋಯ್ತು. ಪಾಪುಗೆ ಹೇಳಿದೆ, ಕುಣೀತಿದಾಳೆ. ಇನ್ನು ಮೂರು ವರ್ಷ ಬಸ್ಸಿನ ಗೋಳಿಲ್ಲ. ಖುಷಿನಾ?'

ಶನಿವಾರ ಫೋನು ನೋಡಿದ, ಕಂಪ್ಯೂಟರ್ ನೋಡಿದ. ಕೈ ಸೋಕದ ವ್ಯವಸ್ಥೆಗೆ ತಲೆಯೂ ಸೋಕಿರಲಿಲ್ಲ. ಗಂಡ ಹೆಂಡತಿಯನ್ನು ಒಂದುಗೂಡಿಸಲು ಅವನನ್ನು ಅಲ್ಲಿಗೂ ಅವಳನ್ನು ಇಲ್ಲಿಗೂ ಕಳಿಸಿ ಕೈತೊಳೆದುಕೊಂಡಿತ್ತು. ಮೂರು ವರ್ಷ ಯಾರಪ್ಪ ಬಂದರೂ ಬದಲಿಸುವಂತಿಲ್ಲ. ಅದೇ ಐದು ಗಂಟೆಯ ಬಸ್ಸು, ಇನ್ನು ಆ ಕಡೆಯಿಂದ ಹತ್ತಬೇಕು. ಕೊನೆಗೆ ಒಂದೊಂದೇ ಅಕ್ಷರ ಹುಡುಕಿ ಬರೆದ: 'ನನಗೂ ಆಯ್ತು. ನಿಮ್ಮ ಊರಿಗೆ. ಈಗ ತಾನೆ.'

ಉತ್ತರ ಕೂಡಲೇ ಬಂತು.

'ತಮಾಷೆ ಸಾಕು. ನಿಮ್ಮ ಮಾತು ನಂಬಲ್ಲ. ಸ್ಕ್ರೀನ್‌ಶಾಟ್ ಕಳಿಸಿ.'